ಪ್ರಾರ್ಥನೆಗೆ ಮುಂಚಿನ ಹತ್ತು ನಿಮಿಷ

ಬನ್ನಿಹಟ್ಟಿ, ಜಗಳೂರು ತಾಲ್ಲೂಕು
12 ಜುಲೈ 1979

ಪ್ರೀತಿಯ ಕಲ್ಲಕ್ಕ,

ನಿನ್ನ ಈ ತ್ಯಾವಣಿಗೆಯ ಹುಡುಗಿ ಜಗಳೂರು ಸೀಮೆಯ ಟೀಚರ್ ಆಗಿ ಇವತ್ತಿಗೆ ಒಂದು ತಿಂಗಳಾಯಿತು. ಎರಡು ಕೋಣೆಯ ಶಾಲೆ, ನಾಲ್ಕು ತರಗತಿ, ಇಬ್ಬರು ಶಿಕ್ಷಕರು. ಹೆಡ್‌ಮಾಸ್ಟರ್ ಸಣ್ಣತಿಮ್ಮಪ್ಪನವರು ಮೂರು ಮತ್ತು ನಾಲ್ಕನೇ ತರಗತಿಯನ್ನು ಮೊದಲ ದಿನವೇ ನನ್ನ ಕೈಗಿಟ್ಟು, "ನಿಮ್ಗಿನ್ನೂ ವಯಸ್ಸೈತೆ, ಓಡಾಡ್ತೀರಿ" ಎಂದರು. ಅವರ ಮಾತಿನ ಅರ್ಥ ಮೂರನೇ ದಿನ ತಿಳಿಯಿತು. ಇಲ್ಲಿ ನಿಜವಾಗಿಯೂ ಓಡಾಡಬೇಕು, ಮಕ್ಕಳ ಹಿಂದೆ.

ಅದರಲ್ಲೂ ಒಬ್ಬಳಿದ್ದಾಳೆ, ಗಾದ್ರಮ್ಮ ಅಂತ. ಮೂರನೇ ತರಗತಿ. ಕಚ್ಚುತ್ತಾಳೆ ಅಕ್ಕ! ಈ ತಿಂಗಳಲ್ಲಿ ಐದು ಮಕ್ಕಳ ತೋಳಿನ ಮೇಲೆ ಅವಳ ಹಲ್ಲಿನ ಗುರುತು ಬಿದ್ದಿದೆ. "ಯಾಕೆ ಕಚ್ಚಿದೆ?" ಎಂದರೆ ನೆಲ ನೋಡುತ್ತಾಳೆ. ಮೂಲೆಯಲ್ಲಿ ನಿಲ್ಲಿಸಿದರೆ ಸಂಜೆಯವರೆಗೂ ನಿಲ್ಲುತ್ತಾಳೆ, ಒಂದು ಹನಿ ನೀರು ಕೂಡ ಕೇಳುವುದಿಲ್ಲ. ಸಣ್ಣತಿಮ್ಮಪ್ಪನವರು ಹಾಜರಿಯಿಂದ ಹೆಸರು ಹೊಡೆದು ಮನೆಗೆ ಕಳಿಸಿ ಎನ್ನುತ್ತಾರೆ. ನನಗೆ ಮನಸ್ಸಾಗುತ್ತಿಲ್ಲ.

ನಾಲ್ಕು ವರ್ಷ ಪಾಠ ಮಾಡಿದ ಮೇಲೆ ತರಬೇತಿಗೆ ಬಂದವಳು ನೀನು. ದಾವಣಗೆರೆಯ ಹಾಸ್ಟೆಲಿನಲ್ಲಿ ನಾವೆಲ್ಲ ಪುಸ್ತಕ ಬಾಯಿಪಾಠ ಮಾಡುತ್ತಿದ್ದಾಗ, "ಮಕ್ಕಳು ಈ ಪುಸ್ತಕ ಓದಿಲ್ಲ ಕಣ್ರೇ" ಎಂದು ನಗುತ್ತಿದ್ದೆ. ಈಗ ಹೇಳು, ಏನು ಮಾಡಲಿ?

ನಿನ್ನ ಹೊಟ್ಟೆಯೊಳಗಿನ ಪುಟ್ಟ ಜೀವ ಹೇಗಿದೆ? ಏಳು ವರ್ಷ ಕಾದು ಬಂದದ್ದು, ಅದಕ್ಕೆ ನನ್ನ ಮುದ್ದು ಹೇಳು.

ನಿನ್ನ
ರುದ್ರಾಣಿ


ನ್ಯಾಮತಿ, ಹೊನ್ನಾಳಿ ತಾಲ್ಲೂಕು
24 ಜುಲೈ 1979

ನನ್ನ ರುದ್ರಿಗೆ,

ನಿನ್ನ ಪತ್ರ ಓದಿ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡೆ. ಹಿಡಿದುಕೊಳ್ಳಲು ಈಗ ಹೊಟ್ಟೆಯೂ ಸಾಕಷ್ಟಿದೆ! ಒಳಗಿರುವುದು ಸುಮ್ಮನಿರುವ ಜಾತಿಯಲ್ಲ. ಮಗ್ಗಿ ಹೇಳಿಸುವಾಗ ಒದೆಯುತ್ತದೆ, ಕಥೆ ಹೇಳುವಾಗ ಸುಮ್ಮನಾಗುತ್ತದೆ. ಇವರು "ನಿನ್ನಂಗೇ ಲೆಕ್ಕಕ್ಕೆ ಆಗಲ್ಲ ಅದು" ಎಂದು ಛೇಡಿಸುತ್ತಾರೆ. ಅಡಿಕೆ ಮಂಡಿಯಿಂದ ಬರುವಾಗ ದಿನವೂ ಏನಾದರೊಂದು ತಿಂಡಿ ತರುತ್ತಾರೆ. ನಾನು ಮನೆಯಿಂದ ಶಾಲೆಗೆ ಒಂದೂವರೆ ಮೈಲಿ ಈಗಲೂ ನಡೆದೇ ಹೋಗುತ್ತೇನೆ ಎಂದು ಬಯ್ಯುತ್ತಾರೆ ಕೂಡ. ಆಶ್ವಯುಜಕ್ಕೆ ದಿನ ತುಂಬುತ್ತದೆ.

ಈಗ ನಿನ್ನ ಗಾದ್ರಮ್ಮ. ಯಾಕೆ ಕಚ್ಚಿದೆ ಎಂದು ಕೇಳಬೇಡ. ಯಾಕೆ ಎಂದರೆ ಮಕ್ಕಳಿಗೆ ಅದು ಬೈಗುಳದ ಹಾಗೆ ಕೇಳಿಸುತ್ತದೆ. ಕಚ್ಚುವುದಕ್ಕಿಂತ ಮುಂಚೆ ಏನಾಯಿತು ಎಂದು ಕೇಳು. ಕೇಳಿ ಸುಮ್ಮನೆ ಕೂತುಕೋ. ಉತ್ತರ ಬರುವವರೆಗೆ ಬೇರೆ ಕೆಲಸ ಇರುವವಳ ಹಾಗೆ ನಟಿಸು.

ಇನ್ನೊಂದು ಮಾತು. ನಾನು ಇಲ್ಲಿ ಪ್ರಾರ್ಥನೆಗೆ ಮುಂಚೆ ಹತ್ತು ನಿಮಿಷ ಮಕ್ಕಳನ್ನು ಸುತ್ತಲೂ ಕೂರಿಸಿಕೊಂಡು "ಇವತ್ತು ನಿಮ್ಮ ಮನಸ್ಸು ಹೆಂಗೈತೆ?" ಎಂದು ಕೇಳುತ್ತೇನೆ. ಒಬ್ಬ ಮಾತಾಡುವಾಗ ಉಳಿದವರು ನಗಬಾರದು, ಅಷ್ಟೇ ನಿಯಮ. ಯಾವ ಪುಸ್ತಕದಲ್ಲೂ ಇಲ್ಲ ಇದು. ನನಗೆ ಚಿಕ್ಕವಳಿದ್ದಾಗ ಹೀಗೆ ಯಾರಾದರೂ ಕೇಳಬೇಕಿತ್ತು ಅನ್ನಿಸುತ್ತಿತ್ತು, ಅದಕ್ಕೇ ನಾನು ಕೇಳುತ್ತೇನೆ. ಎದೆಯಲ್ಲಿ ಕಲ್ಲಿಟ್ಟುಕೊಂಡು ಕೂತ ಮಗುವಿಗೆ ಮಗ್ಗಿ ಇಳಿಯುವುದಿಲ್ಲ ರುದ್ರಿ. ಮೊದಲು ಕಲ್ಲು ಇಳಿಸಬೇಕು.

ಹೆಸರು ಮಾತ್ರ ಹೊಡೆಯಬೇಡ.

ನಿನ್ನ
ಕಲ್ಲಕ್ಕ


ಬನ್ನಿಹಟ್ಟಿ
2 ಸೆಪ್ಟೆಂಬರ್ 1979

ಪ್ರೀತಿಯ ಕಲ್ಲಕ್ಕ,

ನಿನ್ನ ಹತ್ತು ನಿಮಿಷ ಮೊದಲ ವಾರ ಪೂರ್ತಿ ಮಣ್ಣುಪಾಲು. ಮನಸ್ಸು ಹೇಗಿದೆ ಎಂದರೆ ಮೂವತ್ತೊಂದು ಮಕ್ಕಳೂ ಎದ್ದು ನಿಂತು "ಚೆನ್ನಾಗೈತೆ ಟೀಚರ್" ಎಂದು ಒಂದೇ ರಾಗದಲ್ಲಿ ಕೂಗಿ ಕುಳಿತುಬಿಟ್ಟರು. ಸಣ್ಣತಿಮ್ಮಪ್ಪನವರು ಬಾಗಿಲಲ್ಲಿ ನಿಂತು, "ಅಲ್ಲ ಕಣಮ್ಮ, ಹಿಂಗೆ ಮನಸ್ಸಿನ ಸಮಾಚಾರ ಕೇಳ್ಕಂತ ಕುಂತ್ರೆ ಭಾಗಾಕಾರ ಕಲಿಸೋರು ಯಾರು? ಇನ್‌ಸ್ಪೆಕ್ಟ್ರು ಬಂದ್ರೆ ಮನಸ್ಸು ತೋರಿಸ್ತೀರೇನು?" ಎಂದರು.

ಎರಡನೇ ವಾರ ನಾನೇ ಮೊದಲು ಹೇಳಿದೆ. "ನನಗೆ ಇವತ್ತು ಊರಿನ ನೆನಪಾಗಿದೆ. ರಾತ್ರಿ ಒಬ್ಬಳೇ ಉಣ್ಣಲು ಬೇಜಾರಾಗುತ್ತದೆ" ಅಂದೆ. ಮಕ್ಕಳು ಬಾಯಿ ಬಿಟ್ಟುಕೊಂಡು ನೋಡಿದರು. ಟೀಚರ್‌ಗೂ ಬೇಜಾರಾಗುತ್ತದೆ ಎಂಬುದು ಅವರಿಗೆ ಹೊಸ ಸುದ್ದಿ. ಮರುದಿನ ನಾಲ್ಕನೇ ತರಗತಿಯ ಚಿತ್ತಪ್ಪ, "ನಮ್ಮ ಕುರಿಮರಿ ಸತ್ತೋತು. ನಾನು ಅತ್ತಿದ್ಕೆ ನಮ್ಮಪ್ಪ ಗಂಡಸಲ್ವ ನೀನು ಅಂದ" ಎಂದು ಹೇಳಿ ಗೋಡೆಗೆ ಮುಖ ಮಾಡಿ ಕುಳಿತ. ಒಬ್ಬರೂ ನಗಲಿಲ್ಲ.

ಗಾದ್ರಮ್ಮನ ಸಂಗತಿಯೂ ತಿಳಿಯಿತು. ನೀನು ಹೇಳಿದ ಹಾಗೆಯೇ ಕೇಳಿ, ಹಾಜರಿ ಪುಸ್ತಕಕ್ಕೆ ಗೆರೆ ಎಳೆಯುತ್ತ ಕುಳಿತಿದ್ದೆ. ಮೂರು ಪುಟ ಗೆರೆ ಎಳೆದ ಮೇಲೆ ಬಾಯಿ ಬಿಟ್ಟಳು. "ನಮ್ಮವ್ವ ಓಡಿಹೋಗ್ಯಾಳೆ ಅಂತಾರೆ."

ಅವಳ ಅಪ್ಪ ಅಮ್ಮ ಕುರಿಮಂದೆಯೊಂದಿಗೆ ಹೋದ ವರ್ಷ ದೀಪಾವಳಿಯ ನಂತರ ನಿಮ್ಮ ಭದ್ರಾ ಕಾಲುವೆಯ ಕಡೆಗೆ ಹೋದವರು. ಮುಂಗಾರಿಗೆ ಮರಳಬೇಕಿತ್ತು, ಈ ಸಲ ಆ ಕಡೆಯೇ ಮೇವು ಚೆನ್ನಾಗಿದೆಯೆಂದು ಉಳಿದುಬಿಟ್ಟಿದ್ದಾರೆ. ಇವಳು ಅಜ್ಜಿ ದೊಡ್ಡಕ್ಕನ ಜೊತೆ ಇದ್ದಾಳೆ. ಮಕ್ಕಳು ತಮಾಷೆಗೆ ಆ ಮಾತು ಅಂದಾಗಲೆಲ್ಲ ಇವಳ ಹಲ್ಲು ಮುಂದೆ ಬರುತ್ತದೆ.

ನಾನು ಯಾರಿಗೂ ಬುದ್ಧಿ ಹೇಳಲಿಲ್ಲ. ಮರುದಿನ ಬೆಳಿಗ್ಗೆ, "ನಿಮ್ಮನ್ನು ಬಿಟ್ಟು ಯಾರಾದರೂ ದೂರ ಹೋಗಿದ್ದು ಉಂಟಾ?" ಎಂದು ಎಲ್ಲರನ್ನೂ ಕೇಳಿದೆ. ಹತ್ತು ನಿಮಿಷ ಹೋಗಿ ಒಂದು ತಾಸಾಯಿತು. ಎಲ್ಲರಿಗೂ ಯಾರೋ ಒಬ್ಬರಿದ್ದರು. ಗಾದ್ರಮ್ಮ ಒಬ್ಬೊಬ್ಬರ ಮುಖವನ್ನೂ ನೋಡುತ್ತ ಕುಳಿತಿದ್ದಳು. ಆ ದಿನದಿಂದ ಅವಳು ಕಚ್ಚಿದ್ದು ಒಂದೇ ಸಲ, ಅದೂ ಮೆಲ್ಲಗೆ.

ನಿನಗೆ ದಿನ ಹತ್ತಿರ ಬಂತು. ಮೈ ನೋಡಿಕೋ.

ರುದ್ರಾಣಿ


ಬನ್ನಿಹಟ್ಟಿ
25 ಅಕ್ಟೋಬರ್ 1979

ಕಲ್ಲಕ್ಕ,

ದಸರೆ ಕಳೆದು ದೀಪಾವಳಿಯೂ ಮುಗಿಯಿತು, ನಿನ್ನಿಂದ ಒಂದು ಕಾರ್ಡೂ ಇಲ್ಲ! ಗಂಡೋ ಹೆಣ್ಣೋ? ಮೂಗು ಯಾರದ್ದು? ಬಾಣಂತಿಗೆ ಬರೆಯಲು ಕೈ ಬಿಡುವಿರುವುದಿಲ್ಲ, ಗೊತ್ತು. ಮಹೇಶ್ವರಪ್ಪ ಭಾವನವರಿಗಾದರೂ ಎರಡು ಸಾಲು ಬರೆಯಲು ಹೇಳಬಾರದೇ? ಅಡಿಕೆ ತೂಗುವ ಕೈಗೆ ಲೇಖನಿ ಅಷ್ಟು ಭಾರವೇ?

ನನ್ನ ತರಗತಿಯಲ್ಲಿ ನಿನ್ನ ಕೂಸಿನದೇ ಮಾತು. ಹೆಣ್ಣು ಎನ್ನುವವರು ಹದಿನೆಂಟು ಜನ, ಗಂಡು ಎನ್ನುವವರು ಹನ್ನೆರಡು, ಚಿತ್ತಪ್ಪನೊಬ್ಬ ಮಾತ್ರ "ಎರಡೂ" ಎನ್ನುತ್ತಾನೆ. ಎರಡು ಮಾತು ಬರೆ, ಗೆದ್ದವರು ಯಾರೆಂದು ಹೇಳಬೇಕು.

ರುದ್ರಾಣಿ


ನ್ಯಾಮತಿ
7 ನವೆಂಬರ್ 1979

ರುದ್ರಾಣಿಗೆ,

ನಿನ್ನ ಪತ್ರ ತಲುಪಿತು. ಆರೋಗ್ಯವಾಗಿದ್ದೇನೆ. ಸೋಮವಾರದಿಂದ ಶಾಲೆಗೆ ಹೋಗುತ್ತಿದ್ದೇನೆ. ಪಾಠಗಳು ಬಹಳ ಉಳಿದಿವೆ. ಬೆಳಗಿನ ಆ ಕೂರುವ ಪದ್ಧತಿಯನ್ನು ನಿಲ್ಲಿಸಿದ್ದೇನೆ. ಸಮಯ ವ್ಯರ್ಥ. ಹೆಣ್ಣುಮಕ್ಕಳು ತಮ್ಮ ತಂಗಿಯರನ್ನು ಕಂಕುಳಲ್ಲಿ ಎತ್ತಿಕೊಂಡು ಬರುವುದನ್ನೂ ನಿಲ್ಲಿಸಿದ್ದೇನೆ. ಶಾಲೆ ಎಂದರೆ ಶಿಸ್ತು ಬೇಕು. ನಿಮ್ಮ ಹೆಡ್‌ಮಾಸ್ಟರ್ ಹೇಳುವುದರಲ್ಲಿಯೂ ಅರ್ಥವಿದೆ.

ಇಲ್ಲಿ ಎಲ್ಲರೂ ಕ್ಷೇಮ.

ಕಲ್ಲಮ್ಮ


ಬನ್ನಿಹಟ್ಟಿ
16 ನವೆಂಬರ್ 1979

ಕಲ್ಲಕ್ಕ,

ನಿನ್ನ ಪತ್ರ ನಾಲ್ಕು ಸಲ ಓದಿದೆ. ಕೈಬರಹ ನಿನ್ನದೇ. ಉಳಿದದ್ದು ಯಾರದ್ದೋ ಗೊತ್ತಾಗಲಿಲ್ಲ.

ಕೂಸಿನ ವಿಷಯ ಒಂದು ಅಕ್ಷರವಿಲ್ಲ. ಬಾಣಂತನ ಮುಗಿಯುವ ಮೊದಲೇ ಶಾಲೆಗೆ ಹೋಗುವ ಗಡಿಬಿಡಿ ಏನಿತ್ತು? ಕೂಸನ್ನು ಯಾರ ಬಳಿ ಬಿಟ್ಟು ಹೋಗುತ್ತೀಯ? ನಾನು ಏನಾದರೂ ತಪ್ಪು ಬರೆದೆನೇ? ಲೇಖನಿ ಭಾರವೇ ಎಂದು ಭಾವನವರನ್ನು ಛೇಡಿಸಿದ್ದಕ್ಕೆ ಬೇಸರವೇ? ಅಥವಾ ನನ್ನ ಶಾಲೆಯ ಕಥೆ ಓದಿ ಓದಿ ನಿನಗೆ ಸಾಕಾಯಿತೇ?

ಮಕ್ಕಳು ಇನ್ನೂ ಕೇಳುತ್ತಿದ್ದಾರೆ. ನಾನೂ.

ರುದ್ರಾಣಿ


ಬನ್ನಿಹಟ್ಟಿ
30 ಡಿಸೆಂಬರ್ 1979

ಪ್ರೀತಿಯ ಕಲ್ಲಕ್ಕ,

ಹೋದ ಪತ್ರದಲ್ಲಿ ನಾನು ದುಡುಕಿ ಏನೇನೋ ಬರೆದೆ. ಮರೆತುಬಿಡು. ನೀನು ಉತ್ತರ ಬರೆಯದಿದ್ದರೂ ನಾನು ಬರೆಯುತ್ತಲೇ ಇರುತ್ತೇನೆ. ನಿನಗೆ ಬೇಕೆನಿಸಿದಾಗ ಬರೆ, ಇಲ್ಲದಿದ್ದರೆ ಬೇಡ.

ಇಲ್ಲಿಯ ಸುದ್ದಿ ಹೇಳುತ್ತೇನೆ. ಈಗ ಸಿಟ್ಟು ಬಂದ ಮಕ್ಕಳು ತಾವೇ ಎದ್ದು ಹೋಗಿ ಜಗುಲಿಯ ತುದಿಯಲ್ಲಿ ಕೂರುತ್ತಾರೆ. ಸ್ವಲ್ಪ ಹೊತ್ತಿನ ಮೇಲೆ ಯಾರಾದರೊಬ್ಬರು ಹೋಗಿ "ಬರ್ತೀಯಾ?" ಎಂದು ಕೇಳಬೇಕು. ಬರುವುದಿಲ್ಲ ಎಂದರೆ ಬಲವಂತವಿಲ್ಲ, ಪಕ್ಕದಲ್ಲಿ ಕೂತರಾಯಿತು. ಮೊನ್ನೆ ಸಣ್ಣತಿಮ್ಮಪ್ಪನವರು ಅಲ್ಲಿ ಕುಳಿತಿದ್ದರು. ಗಾದ್ರಮ್ಮ ಹೋಗಿ "ಬರ್ತೀರಾ ಮೇಷ್ಟ್ರೇ?" ಎಂದಳು. ಅವರು, "ಮಂಡಿ ನೋವು ಕಣವ್ವ, ಅದ್ಕೇ ಎಲ್ರ ಮ್ಯಾಲೂ ಸಿಡುಕ್ತೀನಿ, ಕುಂತ್ಕ" ಎಂದರು. ಅವಳು ಕುಳಿತಳು. ಅದಾದ ಮೇಲೆ ಅವರು ನನ್ನ ಹತ್ತು ನಿಮಿಷಕ್ಕೆ ಅಡ್ಡ ಬಂದಿಲ್ಲ.

ನಿನ್ನಿಂದ ಒಂದು ಉಪಕಾರ ಬೇಕು. ಗಾದ್ರಮ್ಮನ ಅಪ್ಪ ಅಮ್ಮನ ಮಂದೆ ಈಗ ಸೂರಗೊಂಡನಕೊಪ್ಪದ ಸುತ್ತಿನ ಕೊಯ್ದ ಗದ್ದೆಗಳಲ್ಲಿದೆಯಂತೆ. ನಿಮಗೆ ದೂರವಲ್ಲ. ಗಾದ್ರಮ್ಮ ಅವ್ವನಿಗೆ ತಾನೇ ಒಂದು ಚೀಟಿ ಬರೆದಿದ್ದಾಳೆ, ಇದರೊಳಗೆ ಇಟ್ಟಿದ್ದೇನೆ. ಅವ್ವನಿಗೆ ಓದಲು ಬರುವುದಿಲ್ಲ. ನೀನು ಓದಿ ಹೇಳಬೇಕು. ನಿನಗೆ ಆದರೆ ಮಾತ್ರ.

ಯಾವಾಗಲೂ ನಿನ್ನ
ರುದ್ರಾಣಿ


ನ್ಯಾಮತಿ
21 ಜನವರಿ 1980

ರುದ್ರಿ,

ಗಾದ್ರಮ್ಮನ ಚೀಟಿ ಹತ್ತು ದಿನ ಪೆಟ್ಟಿಗೆಯಲ್ಲೇ ಇತ್ತು. ನನಗೆ ನಿನ್ನ ಮೇಲೆ ಸಿಟ್ಟು ಬಂದಿತ್ತು. ನೀನು ಕೂಸಿನ ಬಗ್ಗೆ ಕೇಳುತ್ತಿದ್ದಾಗ ಯಾಕೆ ಕೇಳುತ್ತಾಳೆ ಇವಳು ಎಂದು ಉರಿದುಹೋಗುತ್ತಿದ್ದೆ. ಡಿಸೆಂಬರ್ ಪತ್ರದಲ್ಲಿ ನೀನು ಕೇಳಲೇ ಇಲ್ಲ. ಇವಳೂ ಮರೆತಳು ಎಂದು ಇನ್ನೂ ಉರಿದೆ. ಮಂಡಿನೋವಿನ ಮೇಷ್ಟ್ರ ಬಗ್ಗೆ ಅರ್ಧ ಪುಟ ಬರೆಯುತ್ತಾಳೆ, ನನ್ನ ಕೂಸಿನ ಬಗ್ಗೆ ಒಂದು ಮಾತಿಲ್ಲ ಅಂದುಕೊಂಡೆ.

ಸಂಕ್ರಾಂತಿಯ ನಂತರದ ಭಾನುವಾರ ಬೆಳಿಗ್ಗೆ ಹೋದೆ. ಗದ್ದೆಯಲ್ಲಿ ಬಲೆ ಕಟ್ಟಿ ಕುರಿ ಕೂಡಿದ್ದರು. ಗಾದ್ರಮ್ಮನ ಅವ್ವ ಆಗ ತಾನೇ ಹುಟ್ಟಿದ ಮರಿಯೊಂದನ್ನು ಸೆರಗಿನಿಂದ ಒರೆಸುತ್ತಿದ್ದಳು. ನಾನು ನಿಂತುಕೊಂಡೇ ಓದಿದೆ. ನಿನಗೆ ಗೊತ್ತಿರುವುದೇ, ಆದರೂ ಬರೆಯುತ್ತೇನೆ: "ಅವ್ವಾ, ನಾನು ಈಗ ಯಾರಿಗೂ ಕಚ್ಚಲ್ಲ. ಸಿಟ್ಟು ಬಂದ್ರೆ ಹೇಳ್ತೀನಿ. ನೀನು ನನ್ನ ಮರ್ತಿಲ್ಲ. ಇದು ಟೀಚರ್ ಹೇಳಿದ್ದಲ್ಲ, ನಾನೇ ಅಂದ್ಕಂಡಿದ್ದು. ನಿನ್ನ ಮನಸ್ಸು ಹೆಂಗೈತೆ?"

ಅವ್ವ ಮರಿಯನ್ನು ಕೆಳಗಿಡಲಿಲ್ಲ. "ಕರ್ಕಂಡು ಬರಾಕೆ ಆಗ್ತಿತ್ತು ಟೀಚರ್. ಬಂದ್ರೆ ಅದೂ ನನ್ನಂಗೆ ಕುರಿ ಹಿಂದೆ ತಿರುಗ್ತೈತೆ. ಅದ್ಕೇ ಬಿಟ್ ಬಂದೆ. ದಿನಾ ಎದ್ದ ಕೂಡ್ಲೇ ನಮ್ಮೂರ ಕಡೀಕೆ ಮಕ ಮಾಡಿ ಹೆಸ್ರು ಕರೀತೀನಿ. ಕೇಳ್ಸಲ್ಲ ಅಂತ ಗೊತ್ತು" ಎಂದಳು. ಆಮೇಲೆ ನನ್ನ ಮುಖ ನೋಡಿ, "ನಿಮಗೆ ಮಕ್ಳೆಷ್ಟು?" ಎಂದಳು.

ರುದ್ರಿ, ನಾನು ಆ ಗದ್ದೆಯ ಬದುವಿನ ಮೇಲೆ ಕುಳಿತುಬಿಟ್ಟೆ.

ಹೆಣ್ಣುಕೂಸು. ಶಿವಮೊಗ್ಗದಲ್ಲಿ, ಆಯುಧಪೂಜೆಯ ಹಿಂದಿನ ದಿನ. ಹುಟ್ಟಿತು, ಅಳಲಿಲ್ಲ. ಅಷ್ಟೇ. ತಲೆತುಂಬ ಕೂದಲಿತ್ತು. ಯಾರ ತಪ್ಪೂ ಇರಲಿಲ್ಲ. ಮನೆಗೆ ಬಂದವರೆಲ್ಲ "ಆ ಮಾತು ಎತ್ತಬ್ಯಾಡ, ಮರ್ತುಬಿಡು, ಇನ್ನೊಂದಾಗ್ತೈತೆ" ಎಂದರು. ಇವರು ಮಂಡಿಯಿಂದ ತಡವಾಗಿ ಬರತೊಡಗಿದರು, ಮನೆಯಲ್ಲಿ ಮಾತಿಲ್ಲ. ನಾನು ಶಾಲೆಗೆ ಓಡಿದೆ.

ಇನ್ನೊಂದಿದೆ, ಅದೇ ಹೇಳಲು ಕಷ್ಟ. ನಾಲ್ಕನೇ ತರಗತಿಯಲ್ಲಿ ತಿಪ್ಪಮ್ಮ ಅಂತ ಹುಡುಗಿ. ಅಪ್ಪ ಸಣ್ಣಪ್ಪ, ಅವ್ವ ಇಬ್ಬರೂ ಕೂಲಿಗೆ ಹೋಗುವವರು. ಎಂಟು ತಿಂಗಳ ತಂಗಿಯನ್ನು ಇವಳೇ ಎತ್ತಿಕೊಂಡು ಬರುತ್ತಿದ್ದಳು. ನಾನೇ ಮೊದಲು ಅದಕ್ಕೆ ಗೋಣಿಚೀಲ ಹಾಸಿಕೊಡುತ್ತಿದ್ದೆ. ನವೆಂಬರಿನಲ್ಲಿ ಆ ಕೂಸಿನ ಅಳು ನನಗೆ ಕೇಳಲಾಗಲಿಲ್ಲ. ತರಬೇಡ ಎಂದೆ. ಮರುದಿನವೂ ತಂದಳು. ಕೈ ಚಾಚು ಎಂದೆ. ಎಡಗಂಕುಳಲ್ಲಿ ಕೂಸು, ಚಾಚಿದ್ದು ಬಲಗೈ. ಆ ಕೈಗೆ ಅಡಿಕೋಲಿನಿಂದ ಆರು ಏಟು ಹೊಡೆದೆ ರುದ್ರಿ. ಅವಳು ಅಳಲಿಲ್ಲ, ಕೂಸು ಅತ್ತಿತು. ಅವತ್ತಿನಿಂದ ಅವಳು ಬರಲಿಲ್ಲ. ಅವಳ ಹಿಂದೆಯೇ ಇನ್ನೂ ಮೂವರು ಹೆಣ್ಣುಮಕ್ಕಳು ಶಾಲೆ ಬಿಟ್ಟರು.

ನಿನಗೆ ಹತ್ತು ನಿಮಿಷ ಕಲಿಸಿದವಳು ನಾನು. ಈಗ ನಗು ಬೇಕಾದರೆ.

ಕಲ್ಲಕ್ಕ


ಬನ್ನಿಹಟ್ಟಿ
27 ಜನವರಿ 1980

ನನ್ನ ಕಲ್ಲಕ್ಕ,

ನಗುವುದಿಲ್ಲ. ನಿಯಮ ಗೊತ್ತಿದೆ.

ನಾನು ಮರೆತಿರಲಿಲ್ಲ. ಡಿಸೆಂಬರಿನಲ್ಲಿ ದಾವಣಗೆರೆ ಬಸ್ ಸ್ಟ್ಯಾಂಡಿನಲ್ಲಿ ನಮ್ಮ ಜೊತೆ ತರಬೇತಿಯಲ್ಲಿದ್ದ ಷಣ್ಮುಖಪ್ಪ ಸಿಕ್ಕಿ, ನಿನ್ನ ಕೂಸು ಉಳಿಯಲಿಲ್ಲವೆಂದು ಹೇಳಿದರು. ಜಗಳೂರಿನ ಬಸ್ಸು ಹೊರಟುಹೋಯಿತು, ನಾನು ಹತ್ತಲಿಲ್ಲ. ನೀನೇ ಹೇಳುವವರೆಗೆ ಕೇಳಬಾರದು ಎಂದು ತೀರ್ಮಾನಿಸಿದೆ. ಉತ್ತರ ಬರುವವರೆಗೆ ಬೇರೆ ಕೆಲಸ ಇರುವವಳ ಹಾಗೆ ನಟಿಸು ಎಂದು ನೀನೇ ಹೇಳಿಕೊಟ್ಟಿದ್ದೆ. ಅದು ನಿನಗೆ ಮರೆವಿನ ಹಾಗೆ ಕಾಣಿಸಬಹುದೆಂದು ಹೊಳೆಯಲಿಲ್ಲ. ಮಕ್ಕಳ ಜೊತೆ ಸರಿಹೋದದ್ದು ಅಕ್ಕನ ಜೊತೆ ತಪ್ಪಾಯಿತು. ನನ್ನನ್ನು ಕ್ಷಮಿಸು. "ಗೆದ್ದವರು ಯಾರು" ಎಂದು ಬರೆದಿದ್ದೆನಲ್ಲ, ಆ ಸಾಲನ್ನು ಅಳಿಸಲು ಆಗುವಂತಿದ್ದರೆ ಎಂದುಕೊಳ್ಳುತ್ತೇನೆ.

ತಿಪ್ಪಮ್ಮನ ವಿಷಯದಲ್ಲಿ ನಾನು ಸಮಾಧಾನ ಹೇಳಲಾರೆ. ನೀನು ತಪ್ಪು ಮಾಡಿದೆ. ನಿನಗೂ ಗೊತ್ತು. ಅವಳ ಮನೆ ಎಲ್ಲಿದೆ ಎಂಬುದೂ ನಿನಗೆ ಗೊತ್ತು.

ರಜೆ ಹಾಕಿ ಬರಲೇ? ಒಂದು ಕಾರ್ಡು ಬರೆ ಸಾಕು.

ನಿನ್ನ
ರುದ್ರಿ


ನ್ಯಾಮತಿ
17 ಫೆಬ್ರವರಿ 1980

ನನ್ನ ರುದ್ರಿಗೆ,

ಕಾರ್ಡು ಬರೆಯಲಿಲ್ಲ ಎಂದು ಕೋಪಿಸಿಕೊಳ್ಳಬೇಡ. ನೀನು ಬಂದಿದ್ದರೆ ನಿನ್ನ ಹಿಂದೆ ಅಡಗಿಕೊಳ್ಳುತ್ತಿದ್ದೆ.

ಸಣ್ಣಪ್ಪನ ಮನೆಗೆ ಹೋದೆ. ಅವನ ಹೆಂಡತಿ ಚಾಪೆ ಹಾಕಿದಳು. ನನ್ನನ್ನು ಬಯ್ಯಲಿಲ್ಲ, ಅದೇ ಹೆಚ್ಚು ಚುಚ್ಚಿತು. "ಕೂಸು ಯಾರ ತಾವ ಬಿಟ್ಟು ಕೂಲಿಗೆ ಹೋಗ್ಲಿ ಟೀಚರ್? ನಿಮ್ಮ ಶಾಲೀಗೆ ಆಗ್ದಿದ್ರೆ ಬ್ಯಾಡ ಬಿಡ್ರಿ" ಎಂದಳು. ತಿಪ್ಪಮ್ಮ ಬಾಗಿಲ ಹಿಂದೆ ಇದ್ದಳು. ಅವಳ ಕಾಲು ಮಾತ್ರ ಕಾಣುತ್ತಿತ್ತು. ನಾನು ಆ ಕಾಲಿಗೆ ಹೇಳಿದೆ: "ತಿಪ್ಪಮ್ಮ, ನಿನ್ನ ತಪ್ಪು ಏನೂ ಇರಲಿಲ್ಲ. ನನ್ನ ಮನಸ್ಸು ಸರಿ ಇರಲಿಲ್ಲ, ಅದಕ್ಕೆ ನಿನ್ನನ್ನು ಹೊಡೆದೆ. ಹೊಡೆಯಬಾರದಿತ್ತು. ಕೂಸನ್ನು ಕರೆದುಕೊಂಡು ಬಾ." ಕಾಲು ಅಲುಗಲಿಲ್ಲ. ಎದ್ದು ಬಂದೆ.

ಮರುದಿನ ಬರಲಿಲ್ಲ. ಆ ವಾರವೇ ಬರಲಿಲ್ಲ. ನಾನು ದಿನವೂ ಸಂಜೆ ಅವರ ಮನೆಯ ಮುಂದೆ ಹೋಗಿ, ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕುಳಿತು ಬರುತ್ತಿದ್ದೆ. ಎಂಟನೆಯ ದಿನ ಬೆಳಿಗ್ಗೆ ಕೂಸನ್ನು ಎತ್ತಿಕೊಂಡು ಬಂದು, ಬಾಗಿಲ ಹತ್ತಿರವೇ ಕುಳಿತಳು. ಬೇಕೆಂದರೆ ಕೂಡಲೇ ಎದ್ದು ಓಡಬಹುದು, ಅಂಥ ಜಾಗ.

ಪ್ರಾರ್ಥನೆಗೆ ಹತ್ತು ನಿಮಿಷವಿತ್ತು. ಎಲ್ಲರನ್ನೂ ಸುತ್ತ ಕೂರಿಸಿಕೊಂಡೆ. ಮನಸ್ಸು ಹೆಂಗೈತೆ ಎಂದು ನಾನು ಕೇಳಲಿಲ್ಲ, ಹೇಳಿದೆ. ನನಗೊಂದು ಕೂಸು ಹುಟ್ಟಿತ್ತು, ಹೆಣ್ಣು, ಅದು ಬದುಕಲಿಲ್ಲ, ಆ ದುಃಖ ಯಾರಿಗೂ ಹೇಳದೆ ಇಟ್ಟುಕೊಂಡಿದ್ದೆ, ಅದು ಸಿಟ್ಟಾಗಿ ನಿಮ್ಮ ಮೇಲೆ ಬಂತು, ತಿಪ್ಪಮ್ಮನ ಮೇಲೆ ಎಲ್ಲಕ್ಕಿಂತ ಹೆಚ್ಚು ಬಂತು ಎಂದು ಹೇಳಿದೆ. ಅಳಬಾರದು ಅಂದುಕೊಂಡಿದ್ದೆ, ಆಗಲಿಲ್ಲ.

ಮಕ್ಕಳು ಪಿಳಿಪಿಳಿ ನೋಡುತ್ತ ಕುಳಿತಿದ್ದರು. ಯಾರೂ ಮರೆತುಬಿಡಿ ಎನ್ನಲಿಲ್ಲ. ಇನ್ನೊಂದಾಗುತ್ತದೆ ಎನ್ನಲಿಲ್ಲ. ಬಾಗಿಲ ಬಳಿಯಿಂದ ತಿಪ್ಪಮ್ಮ ಕೇಳಿದಳು:

"ಕೂಸಿನ ಹೆಸರೇನು ಟೀಚರ್?"

ನಾಲ್ಕು ತಿಂಗಳು ರುದ್ರಿ. ಒಬ್ಬರೂ ಕೇಳಿರಲಿಲ್ಲ. ತೊಟ್ಟಿಲಿಗೆ ಹಾಕದ ಕೂಸಿಗೆ ಹೆಸರೇನು ಎಂದುಕೊಂಡರೋ ಏನೋ. ಆದರೆ ಏಳನೇ ತಿಂಗಳಿನಿಂದಲೇ ನಾನು ಅದನ್ನು ಒಂದು ಹೆಸರಿನಿಂದ ಮನಸ್ಸಿನಲ್ಲೇ ಕರೆಯುತ್ತಿದ್ದೆ. ಅತ್ತೆಯವರಿಗೂ ಹೇಳಿರಲಿಲ್ಲ, ಇವರಿಗೂ ಹೇಳಿರಲಿಲ್ಲ.

"ನೀಲಾಂಬಿಕೆ" ಎಂದೆ.

"ಚೆನ್ನಾಗೈತೆ" ಎಂದಳು ತಿಪ್ಪಮ್ಮ. ಅಷ್ಟೇ. ಅವಳು ಇನ್ನೂ ನನ್ನ ಜೊತೆ ಹೆಚ್ಚು ಮಾತಾಡುವುದಿಲ್ಲ. ಆಡಲಿ ಬಿಡಲಿ, ದಿನವೂ ಬರುತ್ತಾಳೆ. ಕೂಸಿನ ಗೋಣಿಚೀಲದ ಮೇಲೆ ಈಗ ನನ್ನ ಹಳೆಯ ಸೀರೆ ಮಡಿಸಿ ಹಾಕಿದ್ದೇನೆ. ಬಿಟ್ಟಿದ್ದ ಮೂವರಲ್ಲಿ ಇಬ್ಬರು ಮರಳಿದ್ದಾರೆ. ಇನ್ನೊಬ್ಬಳ ಮನೆಗೆ ನಾಳೆ ಹೋಗುತ್ತೇನೆ.

ಆ ಸಂಜೆ ಇವರು ಮಂಡಿಯಿಂದ ಬಂದು ಕೈಕಾಲು ತೊಳೆದುಕೊಳ್ಳುತ್ತಿದ್ದರು. ನಾನು ಟವೆಲ್ ಹಿಡಿದು ನಿಂತು, "ನಾನು ಅವಳಿಗೆ ನೀಲಾಂಬಿಕೆ ಅಂತ ಹೆಸರಿಟ್ಟಿದ್ದೆ" ಎಂದೆ. ಚೊಂಬು ಹಿಡಿದ ಕೈ ಅಲ್ಲೇ ನಿಂತಿತು. ಬೆನ್ನು ಅಲುಗುತ್ತಿತ್ತು. ಆಮೇಲೆ ಆ ಕಡೆಗೇ ಮುಖ ಮಾಡಿಕೊಂಡು, "ನಾನು ಸೇವಂತಿ ಅಂತ ಅಂದ್ಕಂಡಿದ್ದೆ. ಹೂವಿನ ಕಾಲದಾಗೆ ಹುಟ್ಟಿತ್ತಲ್ಲ" ಎಂದರು.

ಇವರೂ ಒಂದು ಹೆಸರು ಇಟ್ಟುಕೊಂಡಿದ್ದರು ರುದ್ರಿ! ನಾಲ್ಕು ತಿಂಗಳು ಒಂದೇ ಮನೆಯಲ್ಲಿ ಇಬ್ಬರೂ ಒಂದೊಂದು ಹೆಸರು ಬಚ್ಚಿಟ್ಟುಕೊಂಡು ಓಡಾಡಿದ್ದೇವೆ.

ಆಮೇಲೆ ಹಿತ್ತಿಲ ಕಲ್ಲಿನ ಮೇಲೆ ಕುಳಿತು ಅತ್ತೆವು. ಅತ್ತು ಮುಗಿದ ಮೇಲೆ, "ಸೇವಂತಿ ಏನು ಹೆಸರು? ಶಾಲೆಯಲ್ಲಿ ಹುಡುಗರು ರೇಗಿಸುತ್ತಾರೆ" ಎಂದೆ ನಾನು. "ನಿನ್ನ ನೀಲಾಂಬಿಕೆ ಕರೆಯೋದ್ರಾಗೆ ಕೂಸು ಆಟ ಆಡಾಕೆ ಓಡಿಹೋಗಿರ್ತೈತೆ" ಎಂದರು ಇವರು. ನಾನು ಬಿಡಲಿಲ್ಲ, ಇವರೂ ಬಿಡಲಿಲ್ಲ. ಅತ್ತೆಯವರು ಊಟಕ್ಕೆ ಎರಡು ಸಲ ಕರೆದರೂ ಎದ್ದಿರಲಿಲ್ಲ, ಯಾವ ಹೆಸರು ಚೆಂದ ಎಂದು ಜಗಳವಾಡುತ್ತ ಕುಳಿತಿದ್ದೆವು, ಯಾವುದೇ ಮನೆಯ ಅಪ್ಪ ಅಮ್ಮನ ಹಾಗೆ.

ನಿನ್ನ
ಕಲ್ಲಕ್ಕ